‘ನೀವು ಈ ಊರಿಗೆ ಹೊಸಬರೇ?’ ಎಂದು ನನ್ನನ್ನೇ ಕೇಳಿದರು

ಗೇಟಿನ ಪಕ್ಕದ ಮನೆ

ಕಳೆದ ಭಾನುವಾರ ಬೆಳಿಗ್ಗೆ ರೈಲ್ವೆ ಗೇಟು ಹಾಕಿತ್ತು. ಎಂದಿನಂತೆ ಕಂಬಕ್ಕೆ ಒರಗಿ ನಿಂತಿದ್ದೆ. ಪಕ್ಕದಲ್ಲಿ ಕಾರಿನಲ್ಲಿದ್ದ ಯುವಕರೊಬ್ಬರು ಗಾಜು ಇಳಿಸಿ, ತುಂಬ ಸೌಜನ್ಯದಿಂದಲೇ, ‘ನೀವು ಈ ಊರಿಗೆ ಹೊಸಬರೇ? ಈ ಗೇಟು ತೆಗೆಯಲು ಹತ್ತು ನಿಮಿಷವಾದರೂ ಬೇಕು. ನಡೆದು ಹೋಗುವವರಿಗೆ ಅಲ್ಲಿ ಮುಂದೆ ಮೇಲುಸೇತುವೆ ಇದೆ’ ಎಂದು ಕೈ ತೋರಿಸಿದರು. ನಾನು ಹುಟ್ಟಿದ್ದು ಆ ಗೇಟಿನಿಂದ ನಾಲ್ಕನೇ ಮನೆಯಲ್ಲಿ. ಈಗ ನನಗೆ ಐವತ್ತೆಂಟು. ಏನು ಹೇಳಬೇಕೆಂದು ತೋಚದೆ ‘ಹೌದು, ಹೊಸಬ’ ಎಂದುಬಿಟ್ಟೆ.

ಆ ಸುಳ್ಳು ಅಂದಿನಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಕಾಡುತ್ತಿದೆ.

ಮೊದಲು ಗೇಟು ಬಿದ್ದರೆ ಯಾರಿಗೂ ಅವಸರವಿರಲಿಲ್ಲ. ಸೈಕಲ್ಲಿನಿಂದ ಒಂದು ಕಾಲು ಇಳಿಸಿ ನಿಂತವರು ಪಕ್ಕದವರ ಮುಖ ನೋಡಲೇಬೇಕಿತ್ತು. ನೋಡಲು ಬೇರೆ ಏನೂ ಇರಲಿಲ್ಲ. ಯಾರ ಬಾವಿ ಬತ್ತಿತು, ಯಾರ ಮಗ ನಪಾಸಾದ, ಯಾರಿಗೆ ವರ್ಗವಾಯಿತು ಎಂಬುದೆಲ್ಲ ಗೂಡ್ಸ್ ರೈಲು ದಾಟುವಷ್ಟರಲ್ಲಿ ತಿಳಿದುಹೋಗುತ್ತಿತ್ತು. ರೈಲು ಉದ್ದವಾಗಿದ್ದರೆ ಒಂದೆರಡು ಜಗಳಗಳೂ ರಾಜಿಯಾಗುತ್ತಿದ್ದವು. ಈಗ ಎರಡೂ ಕಡೆ ಗಾಜು ಏರಿಸಿದ ಕಾರುಗಳ ಸಾಲು. ನಾನು ಓದಿದ ಶಾಲೆಯಲ್ಲಿ ನಮ್ಮ ತರಗತಿಗೆ ಇಪ್ಪತ್ತಾರು ಮಕ್ಕಳಿದ್ದೆವು. ಈಗ ಅದೇ ತರಗತಿಗೆ ಐದು ವಿಭಾಗಗಳಿವೆ. ಶಾಲೆ ಮುಚ್ಚುವುದಕ್ಕಿಂತ ಇದು ಒಳ್ಳೆಯದೆಂದು ನನಗೆ ಗೊತ್ತು. ಆದರೂ ಏನೋ ಕೈಬಿಟ್ಟುಹೋಗಿದೆ ಅನ್ನಿಸುತ್ತದೆ. ಚಿಕ್ಕ ಊರಾಗಿದ್ದು ಈಗ ನಗರದ ಅಂಚಾಗಿರುವ ಜಾಗಗಳಲ್ಲಿ ಇರುವವರು ಹೇಳಿ: ನಿಮಗೂ ಹೀಗೆ ಅನ್ನಿಸುತ್ತದೆಯೇ, ಅಥವಾ ಇದು ಬರೀ ವಯಸ್ಸಿನ ಗೊಣಗಾಟವೇ?

ಎರಡು ಸಾಲು

ವಯಸ್ಸಿನದೇ. ಗೇಟು ಹೊಸದಾಗಿ ಬಂದಾಗ ನಿಮ್ಮ ತಾತ ‘ಮೊದಲು ಹಳಿ ದಾಟಲು ಯಾರ ಅಪ್ಪಣೆಯೂ ಬೇಕಿರಲಿಲ್ಲ’ ಎಂದು ಗೊಣಗಿರುತ್ತಾರೆ, ಬೇಕಾದರೆ ಪಣ ಕಟ್ಟುತ್ತೇನೆ.

ಏಳನೇ ಮಹಡಿ

ಆ ಕಾರಿನಲ್ಲಿದ್ದವನು ನಾನಲ್ಲ, ಆದರೆ ಆಗಿರಬಹುದಿತ್ತು. ಇಂಥದೇ ಒಂದು ಊರಿಗೆ ಬಂದು ಮೂರು ವರ್ಷವಾಯಿತು. ಬಂದದ್ದೇಕೆಂದರೆ ನಗರದ ಒಳಗೆ ನಮ್ಮ ಸಂಬಳಕ್ಕೆ ದಕ್ಕುವ ಮನೆ ಇರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ. ಜಾಹೀರಾತಿನಲ್ಲಿ ‘ಹಳ್ಳಿಯ ನೆಮ್ಮದಿ, ನಗರದ ಸೌಕರ್ಯ’ ಎಂದಿತ್ತು. ಮೊದಲ ವರ್ಷ ಬಾಲ್ಕನಿಯಿಂದ ಗುಡ್ಡದ ಸಾಲು ಕಾಣುತ್ತಿತ್ತು. ಎರಡನೇ ವರ್ಷ ಎದುರಿಗೆ ಇನ್ನೊಂದು ಕಟ್ಟಡ ಎದ್ದಾಗ ನನಗೆ ಕಡುಕೋಪ ಬಂದಿತು, ಆಕ್ಷೇಪಣೆಯ ಪತ್ರಕ್ಕೆ ಸಹಿ ಕೂಡ ಹಾಕಿದೆ. ನನ್ನ ಕಟ್ಟಡದ ಹಿಂದಿನ ಮನೆಯವರಿಗೆ ಅದೇ ಗುಡ್ಡವನ್ನು ಮರೆಮಾಡಿದ್ದು ನನ್ನದೇ ಏಳು ಮಹಡಿ ಎಂಬುದು ಹೊಳೆದದ್ದು ತಿಂಗಳುಗಳ ನಂತರ.

ಆದರೆ ಹಳಬರ ಮೇಲೂ ಒಂದು ದೂರಿದೆ. ನೀವು ದಾರಿ ಹೇಳುವ ರೀತಿ! ‘ಹಳೇ ಆಸ್ಪತ್ರೆಯ ಹತ್ತಿರ ಇಳಿಯಿರಿ’ ಎನ್ನುತ್ತೀರಿ. ಅಲ್ಲಿ ಆಸ್ಪತ್ರೆಯೇ ಇಲ್ಲ. ಇಪ್ಪತ್ತು ವರ್ಷದ ಹಿಂದೆಯೇ ಮುಚ್ಚಿದೆಯಂತೆ. ‘ಒಂಟಿಮರದಿಂದ ಎಡಕ್ಕೆ’ ಎನ್ನುತ್ತೀರಿ, ಮರವೂ ಇಲ್ಲ. ಇಲ್ಲದ್ದನ್ನೆಲ್ಲ ಗುರುತಾಗಿಟ್ಟುಕೊಂಡು ಊರು ಸುತ್ತುವವರ ನಡುವೆ, ಇರುವುದನ್ನಷ್ಟೇ ಕಾಣಬಲ್ಲ ನಾವು ಎಲ್ಲಿಗೆ ಹೋಗಿ ಸೇರಬೇಕು?

ಊರು ಬಿಟ್ಟವಳು

ಗೇಟಿನ ಪಕ್ಕದ ಮನೆಯವರೇ, ನಿಮ್ಮ ಬರಹ ಚೆನ್ನಾಗಿದೆ. ಆದರೆ ಆ ಗೇಟಿನ ಮಾತುಕತೆಯ ಇನ್ನೊಂದು ತುದಿಯಲ್ಲಿದ್ದವಳು ನಾನು.

ಹದಿನಾರರ ವಯಸ್ಸಿನಲ್ಲಿ ನನ್ನ ಗೆಳತಿಗೆ ಬರೆದ ಕಾಗದವನ್ನು ಅಂಚೆಗೆ ಹಾಕಲು ಎರಡು ಬಸ್ ನಿಲ್ದಾಣ ಆಚೆಗೆ ನಡೆದು ಹೋಗುತ್ತಿದ್ದೆ. ನಮ್ಮ ಬೀದಿಯ ಡಬ್ಬಿಗೆ ಹಾಕಿದರೆ ಕಾಗದ ಹೊರಡುವ ಮೊದಲೇ ಸುದ್ದಿ ಹೊರಡುತ್ತಿತ್ತು. ಆಗಲೂ, ನಾನು ಮನೆಗೆ ಮರಳುವಷ್ಟರಲ್ಲಿ ‘ಅಷ್ಟು ದೂರ ಯಾಕೆ ಹೋಗಿದ್ದೆ?’ ಎಂಬ ಪ್ರಶ್ನೆ ಹೊಸ್ತಿಲಲ್ಲಿ ಕಾದಿರುತ್ತಿತ್ತು. ಎಲ್ಲರಿಗೂ ಎಲ್ಲರೂ ಗೊತ್ತು ಎಂದು ಸಂತೋಷಪಡುವವರು ಸಾಮಾನ್ಯವಾಗಿ ಯಾರು, ಗಮನಿಸಿ: ಗೊತ್ತಾದರೆ ಕಳೆದುಕೊಳ್ಳುವಂಥದ್ದೇನೂ ಇಲ್ಲದವರು. ಈಗ ನಾನಿರುವ ಉಪನಗರದ ಲಿಫ್ಟಿನಲ್ಲಿ ಯಾರಿಗೂ ನನ್ನ ಹೆಸರು ಗೊತ್ತಿಲ್ಲ. ಇಲ್ಲಿಗೆ ಬಂದ ಮೊದಲ ವಾರ ನಾನು ನಿದ್ದೆ ಮಾಡಿದ ಹಾಗೆ ಅದಕ್ಕೆ ಮೊದಲು ಎಂದೂ ಮಾಡಿರಲಿಲ್ಲ.

ಗೇಟಿನ ಪಕ್ಕದ ಮನೆ

ಇದನ್ನು ನಾನು ಯೋಚಿಸಿರಲಿಲ್ಲ. ಗೇಟಿನಲ್ಲಿ ನಿಲ್ಲುತ್ತಿದ್ದವರಲ್ಲಿ ಹೆಂಗಸರು ಮಾತನಾಡುತ್ತಿದ್ದರೇ ಎಂದು ಈಗ ನೆನಪು ಮಾಡಿಕೊಳ್ಳುತ್ತಿದ್ದೇನೆ. ತಲೆ ತಗ್ಗಿಸಿ ನಿಂತಿರುತ್ತಿದ್ದರು ಅನ್ನಿಸುತ್ತದೆ.

ನಿವೃತ್ತ ಮೇಷ್ಟ್ರು

ನಾನು ಸಮಾಜಶಾಸ್ತ್ರ ಕಲಿಸುತ್ತಿದ್ದವನು. ಪಾಠದ ಚಪಲ ಇನ್ನೂ ಹೋಗಿಲ್ಲ, ಸಹಿಸಿಕೊಳ್ಳಿ.

ನಾರ್ಬರ್ಟ್ ಎಲಿಯಾಸ್ ಮತ್ತು ಜಾನ್ ಸ್ಕಾಟ್‌ಸನ್ ಎಂಬಿಬ್ಬರು ಇಂಗ್ಲೆಂಡಿನ ಲೆಸ್ಟರ್ ಬಳಿಯ ಒಂದು ಉಪನಗರದಲ್ಲಿ ನಡೆಸಿದ ಅಧ್ಯಯನ 1965ರಲ್ಲಿ ಪ್ರಕಟವಾಯಿತು. ಊರಿಗೆ ಅವರು ‘ವಿನ್‌ಸ್ಟನ್ ಪಾರ್ವಾ’ ಎಂಬ ಸುಳ್ಳು ಹೆಸರು ಕೊಟ್ಟರು. ಅಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಕಾರ್ಮಿಕರ ಕೇರಿಗಳು, ಒಂದು ಹಳೆಯದು, ಒಂದು ಹೊಸದು. ಎರಡೂ ಕಡೆ ಒಂದೇ ಬಗೆಯ ಕೆಲಸ, ಹೆಚ್ಚುಕಡಿಮೆ ಒಂದೇ ಆದಾಯ, ಒಂದೇ ಭಾಷೆ, ಒಂದೇ ಬಣ್ಣ. ವ್ಯತ್ಯಾಸವಿದ್ದದ್ದು ಎಷ್ಟು ಕಾಲದಿಂದ ಇದ್ದಾರೆ ಎಂಬುದೊಂದರಲ್ಲೇ. ಅಷ್ಟರಿಂದಲೇ ಹಳೆಯ ಕೇರಿಯವರು ಹೊಸಬರನ್ನು ಕೀಳೆಂದು ದೂರವಿಟ್ಟರು, ಸಂಘಗಳ ಹುದ್ದೆಗಳನ್ನೆಲ್ಲ ತಮ್ಮಲ್ಲೇ ಇಟ್ಟುಕೊಂಡರು.

ಇದಕ್ಕೆ ಅವರು ಬಳಸಿದ ಆಯುಧ ಯಾವುದು ಗೊತ್ತೇ? ಹರಟೆ. ನಮ್ಮ ಕಡೆಯವರ ಬಗ್ಗೆ ಮಾತನಾಡುವಾಗ ನಮ್ಮಲ್ಲಿನ ಅತ್ಯುತ್ತಮರ ಉದಾಹರಣೆ. ಅವರ ಕಡೆಯ ಬಗ್ಗೆ ಹೇಳುವಾಗ ಅವರಲ್ಲಿನ ಅತಿ ಕೆಟ್ಟವರ ಉದಾಹರಣೆ. ಗೂಡ್ಸ್ ರೈಲು ದಾಟುವಷ್ಟರಲ್ಲಿ ಇಂಥ ಎಷ್ಟು ತೀರ್ಪುಗಳಾಗಿ ಹೋಗಿರಬಹುದು ಎಂದು ಲೆಕ್ಕ ಹಾಕಿ.

ಏಳನೇ ಮಹಡಿಯವರಿಗೂ ಒಂದು ಮಾತು. ಅದೇ ದಶಕದಲ್ಲಿ ರೇ ಪಾಲ್ ಎಂಬವರು ಲಂಡನ್ನಿನ ಉತ್ತರಕ್ಕಿರುವ ಹರ್ಟ್‌ಫರ್ಡ್‌ಶೈರಿನ ಹಳ್ಳಿಗಳಿಗೆ ಬಂದು ನೆಲೆಸಿದ ಉದ್ಯೋಗಸ್ಥರನ್ನು ಗಮನಿಸಿದರು. ಅವರೆಲ್ಲ ಹುಡುಕಿಕೊಂಡು ಬಂದದ್ದು ನಿಜವಾದ ಹಳ್ಳಿಯನ್ನಲ್ಲ, ಮನಸ್ಸಿನೊಳಗಿನ ಹಳ್ಳಿಯನ್ನು. ಹಾಗೆ ಬಂದವರ ಸಂಖ್ಯೆಯೇ ಆ ಹಳ್ಳಿಯನ್ನು ಬೇರೆಯಾಗಿಸಿತು. ನಿಮ್ಮ ಜಾಹೀರಾತು ಬರೆದವನು ಪಾಲ್ ಅವರನ್ನು ಓದಿರಲಿಕ್ಕಿಲ್ಲ, ಆದರೆ ವ್ಯಾಪಾರ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮೂರೆಕರೆ

ಹೊಲ ಮಾರಿದವರ ಕಡೆಯಿಂದ ಒಬ್ಬರೂ ಬರೆದಿಲ್ಲ. ನಾನು ಬರೆಯುತ್ತೇನೆ.

ನಮ್ಮ ಮೂರು ಎಕರೆಯ ಮೂರು ಕಡೆ ಮನೆಗಳೆದ್ದವು. ನಾವೇ ಕೊನೆಯವರು. ಮೊದಲು ದೂಳಿನ ಬಗ್ಗೆ ದೂರು ಬಂತು, ಆಮೇಲೆ ಗೊಬ್ಬರದ ವಾಸನೆಯ ಬಗ್ಗೆ. ಆಮೇಲೆ ಬೆಳಗಿನ ಐದಕ್ಕೆ ಟ್ರ್ಯಾಕ್ಟರ್ ಸದ್ದು ಮಾಡುತ್ತದೆ ಎಂದು. ಬಿಸಿಲೇರಿದ ಮೇಲೆ ಉಳಲು ಬಂದು ನೋಡಿ ಎಂದು ನಮ್ಮ ತಂದೆ ಹೇಳಿದರು, ಯಾರೂ ಬರಲಿಲ್ಲ. ಅಷ್ಟರಲ್ಲಿ ನೀರು ಬರುತ್ತಿದ್ದ ಕಾಲುವೆಗೆ ಮೇಲಿನವರು ಗೋಡೆ ಕಟ್ಟಿದರು. ಆಳು ಸಿಗಲಿಲ್ಲ, ಎಲ್ಲರೂ ಕಟ್ಟಡದ ಕೆಲಸಕ್ಕೆ ಹೋದರು. ಮಾರಿದೆವು. ಈಗ ಊರಿನವರು ‘ದುಡ್ಡಿನ ಆಸೆಗೆ ಮಾರಿದರು’ ಎನ್ನುತ್ತಾರೆ, ಬಂದವರು ‘ಹಸಿರು ಉಳಿಯಬೇಕಿತ್ತು’ ಎನ್ನುತ್ತಾರೆ. ಎಲ್ಲರಿಗೂ ಹಸಿರು ಬೇಕು, ನನ್ನ ಬೆನ್ನಿನ ಮೇಲೆ.

ಕೊಂಡವರು ಬಡಾವಣೆಗೆ ಹೊಲದ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಬದುವಿನ ಮೂಲೆಗಲ್ಲನ್ನು ಕಿತ್ತುಹಾಕದೆ ಬಿಟ್ಟಿದ್ದಾರೆ. ಅಲುಗಾಡುವ ಕುರ್ಚಿಯ ಒಂದು ಕಾಲನ್ನು ಅದಕ್ಕೆ ಆನಿಸಿ ಕಾವಲುಗಾರ ಕೂರುತ್ತಾನೆ. ಹೋದ ಸಲ ಹೋಗಿದ್ದಾಗ ಯಾರನ್ನು ನೋಡಬೇಕೆಂದು ಅವನು ಕೇಳಿದ. ಕಲ್ಲನ್ನು ಎಂದು ಹೇಳಲಾಗಲಿಲ್ಲ.

ಎರಡು ಸಾಲು

ಇದಕ್ಕೆ ತಮಾಷೆ ಮಾಡುವುದಿಲ್ಲ.

ನಿವೃತ್ತ ಮೇಷ್ಟ್ರು

ಮೂರೆಕರೆಯವರೇ, ನಿಮ್ಮ ಟ್ರ್ಯಾಕ್ಟರಿಗೆ ಫ್ರಾನ್ಸಿನಲ್ಲಿ ನ್ಯಾಯ ಸಿಗುತ್ತಿತ್ತೇನೋ. ಅಲ್ಲಿನ ಒಲೆರೋನ್ ದ್ವೀಪದಲ್ಲಿ ರಜೆ ಕಳೆಯಲು ಮನೆ ಮಾಡಿಕೊಂಡಿದ್ದವರು ಪಕ್ಕದ ಮನೆಯ ಮೋರಿಸ್ ಎಂಬ ಹುಂಜ ಬೆಳಗಿನ ಜಾವ ಕೂಗುತ್ತದೆಂದು ಮೊಕದ್ದಮೆ ಹೂಡಿದರು. 2019ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಹುಂಜದ ಪರವಾಗಿ ತೀರ್ಪು ಕೊಟ್ಟಿತು. 2021ರ ಜನವರಿಯಲ್ಲಿ ಗ್ರಾಮೀಣ ಪ್ರದೇಶದ ಸದ್ದು ಮತ್ತು ವಾಸನೆಗಳನ್ನೂ ಪರಂಪರೆಯೆಂದು ಗುರುತಿಸುವ ಕಾನೂನೇ ಬಂತು. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ, ಮೊದಲಿನಿಂದ ನಡೆಯುತ್ತಿರುವ ಬೇಸಾಯದ ಮೇಲೆ ನಂತರ ಬಂದ ನೆರೆಯವರು ಉಪದ್ರವದ ದಾವೆ ಹೂಡದಂತೆ ಒಂದಲ್ಲ ಒಂದು ಬಗೆಯ ರಕ್ಷಣೆ ಇದೆ. ಆದರೆ ದೊಡ್ಡ ದೊಡ್ಡ ಹಂದಿ ಸಾಕಣೆ ಕಂಪನಿಗಳೂ ಅದೇ ರಕ್ಷಣೆಯ ಹಿಂದೆ ಅಡಗುತ್ತವೆ ಎಂಬ ದೂರೂ ಅಲ್ಲಿದೆ. ಮೊದಲು ಬಂದವನೇ ಸರಿ ಎಂದು ಬರೆದಿಟ್ಟರೆ ಅದೂ ನೆಟ್ಟಗಿರುವುದಿಲ್ಲ.

ರಸ್ತೆಗುಂಡಿ

ಭಾವನೆಗಳ ಮಾತು ನನಗೆ ಬರುವುದಿಲ್ಲ. ಮೂವತ್ತು ವರ್ಷ ರಸ್ತೆ ಕೆಲಸ ಮಾಡಿದವನು, ರಸ್ತೆಯ ಮಾತು ಹೇಳುತ್ತೇನೆ.

ಊರು ಬೆಳೆಯುವಾಗ ಮೊದಲು ಸಾಯುವುದು ಹಳೆಯ ರಸ್ತೆ. ಎಲ್ಲರೂ ಕಾರುಗಳನ್ನು ಬೈಯುತ್ತಾರೆ. ತಪ್ಪು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪರೀಕ್ಷಾ ರಸ್ತೆಗಳನ್ನು ಹಾಕಿ, ಅವುಗಳ ಮೇಲೆ ಹಗಲೂ ರಾತ್ರಿ ಲಾರಿ ಓಡಿಸಿ ನೋಡಿದರು. ಅದರಿಂದ ಬಂದ ಅಂದಾಜು ಸೂತ್ರವನ್ನು ಇಂದಿಗೂ ಬಳಸುತ್ತೇವೆ: ರಸ್ತೆಗಾಗುವ ಹಾನಿ ಅಚ್ಚಿನ ಮೇಲಿನ ಭಾರದ ನಾಲ್ಕನೇ ಘಾತದಂತೆ ಏರುತ್ತದೆ. ಭಾರ ಎರಡರಷ್ಟಾದರೆ ಹಾನಿ ಹದಿನಾರರಷ್ಟು. ಒಂದು ಟನ್ ಭಾರದ ಕಾರಿನ ಅಚ್ಚಿಗೆ ಹೋಲಿಸಿದರೆ ಹತ್ತು ಟನ್ನಿನ ಲಾರಿಯ ಅಚ್ಚು ಮಾಡುವ ಹಾನಿ ಹತ್ತು ಸಾವಿರ ಪಟ್ಟು. ಏಳು ಮಹಡಿಯ ಮನೆಗೆ ಬೇಕಾದ ಜಲ್ಲಿ, ಮರಳು, ಕಬ್ಬಿಣವೆಲ್ಲ ಸೈಕಲ್ಲು ಮತ್ತು ಗಾಡಿಗಳಿಗೆಂದು ಹಾಕಿದ ರಸ್ತೆಯ ಮೇಲೆಯೇ ಬಂದಿರುತ್ತದೆ. ಕಟ್ಟಡ ಮುಗಿಯುವ ಹೊತ್ತಿಗೆ ರಸ್ತೆಯೂ ಮುಗಿದಿರುತ್ತದೆ; ಬೈಗುಳ ತಿನ್ನುವುದು ಆಮೇಲೆ ಬಂದು ನೆಲೆಸಿದವನು.

ಸರಿ, ಅಗಲ ಮಾಡಿ ಎನ್ನುತ್ತೀರಿ. ಮಾಡಿದೆವು, ನಾನೇ ಮೂರು ಸಲ ಮಾಡಿಸಿದ್ದೇನೆ. ಅಮೆರಿಕದ ಹೂಸ್ಟನ್ ನಗರದ ಕೇಟಿ ಹೆದ್ದಾರಿಯ ವಿಸ್ತರಣೆ 2008ರಲ್ಲಿ ಮುಗಿದಾಗ ಪಕ್ಕದ ರಸ್ತೆಗಳನ್ನೂ ಸೇರಿಸಿ ಕೆಲವೆಡೆ 26 ಪಥಗಳಾದವು. ಕೆಲವೇ ವರ್ಷಗಳಲ್ಲಿ ಬೆಳಿಗ್ಗೆ ಸಂಜೆಯ ಪ್ರಯಾಣದ ಹೊತ್ತು ಮತ್ತೆ ಏರಿತು. ಡುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ತೋರಿಸಿದ್ದೂ ಇದನ್ನೇ: ನಗರದಲ್ಲಿ ಹೆದ್ದಾರಿಯ ಪಥಗಳು ಎಷ್ಟು ಪಾಲು ಹೆಚ್ಚುತ್ತವೆಯೋ ವಾಹನಗಳ ಓಡಾಟವೂ ಸುಮಾರು ಅಷ್ಟೇ ಪಾಲು ಹೆಚ್ಚುತ್ತದೆ. ಜನ ದಿನಕ್ಕೆ ಸರಾಸರಿ ಒಂದು ಗಂಟೆ ಓಡಾಟಕ್ಕೆ ಕೊಡಲು ಸಿದ್ಧರಿರುತ್ತಾರೆ ಎಂಬ ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿಯವರ ಮಾತೊಂದಿದೆ. ರಸ್ತೆ ವೇಗವಾದರೆ ಆ ಗಂಟೆ ಉಳಿಯುವುದಿಲ್ಲ, ಮನೆ ದೂರವಾಗುತ್ತದೆ. ನಿಮ್ಮ ಊರು ಉಪನಗರವಾದದ್ದು ಆ ಒಂದು ಗಂಟೆಯೊಳಗೆ ಸಿಕ್ಕಿಬಿದ್ದದ್ದರಿಂದ.

ಇನ್ನೊಂದು, ಯಾರೂ ಕೇಳದಿದ್ದರೂ ಹೇಳುತ್ತೇನೆ. ಹೊಸ ಬಡಾವಣೆಯ ಕೊಳವೆ, ಚರಂಡಿ, ದೀಪಗಳನ್ನು ಕಟ್ಟಿದವರು ಸ್ಥಳೀಯ ಸಂಸ್ಥೆಗೆ ಒಪ್ಪಿಸಿ ಹೋಗುತ್ತಾರೆ. ಮೊದಲ ಇಪ್ಪತ್ತು ವರ್ಷ ತೆರಿಗೆ ಬರುತ್ತದೆ, ದುರಸ್ತಿಯ ಖರ್ಚು ಅಷ್ಟಾಗಿ ಇರುವುದಿಲ್ಲ. ಎಲ್ಲರೂ ಊರು ಶ್ರೀಮಂತವಾಯಿತೆಂದು ತಿಳಿಯುತ್ತಾರೆ. ಒಟ್ಟಿಗೆ ಹೂತ ಕೊಳವೆಗಳು ಒಟ್ಟಿಗೇ ಒಡೆಯತೊಡಗುತ್ತವೆ. ಆಗ ಆ ಖರ್ಚು ತೂಗಿಸಲು ಇನ್ನೊಂದು ಬಡಾವಣೆಗೆ ಅನುಮತಿ ಕೊಡುತ್ತಾರೆ. ಕಡತಗಳಲ್ಲಿ ನಾನು ನೋಡಿದ್ದು ಇದನ್ನೇ.

ಒಸರು

ರಸ್ತೆಗುಂಡಿಯವರು ಬಿಟ್ಟ ಕೊಂಡಿಯನ್ನು ನಾನು ಹಿಡಿಯುತ್ತೇನೆ, ಏಕೆಂದರೆ ಅವರ ರಸ್ತೆ ಮುಗಿದಲ್ಲಿ ನನ್ನ ನೀರು ನಿಲ್ಲುತ್ತದೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬಳಸುವ ಒಂದು ಲೆಕ್ಕವಿದೆ. ಸಹಜ ನೆಲದ ಮೇಲೆ ಬಿದ್ದ ಮಳೆಯಲ್ಲಿ ಸುಮಾರು ಶೇ 50ರಷ್ಟು ಇಂಗುತ್ತದೆ, ಶೇ 40ರಷ್ಟು ಆವಿಯಾಗುತ್ತದೆ, ಮೇಲೆಯೇ ಹರಿದುಹೋಗುವುದು ಶೇ 10 ಮಾತ್ರ. ನೆಲದ ಮುಕ್ಕಾಲಿಗಿಂತ ಹೆಚ್ಚು ಭಾಗ ಸೂರು, ಕಾಂಕ್ರೀಟು, ಡಾಂಬರಿನಿಂದ ಮುಚ್ಚಿದರೆ ಹರಿದುಹೋಗುವುದು ಶೇ 55, ಇಂಗುವುದು ಶೇ 15. ಮಣ್ಣು, ಇಳಿಜಾರಿನ ಮೇಲೆ ಅಂಕಿ ಬದಲಾಗುತ್ತದೆ, ದಿಕ್ಕು ಬದಲಾಗುವುದಿಲ್ಲ. ಅಂದರೆ ಒಂದೇ ಕಾರಣದಿಂದ ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಒಣ ಬಾವಿ. ಇವೆರಡನ್ನೂ ಬೇರೆ ಬೇರೆ ಸಮಿತಿಗಳಲ್ಲಿ ಚರ್ಚಿಸುವುದನ್ನು ನೋಡಿದಾಗ ನನಗೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ.

ತೊರೆಗಳು ಇನ್ನೂ ಮೊದಲೇ ಸೋಲುತ್ತವೆ. ಜಲಾನಯನದ ಶೇ 10ರಷ್ಟು ನೆಲ ಮುಚ್ಚುವ ಹೊತ್ತಿಗೇ ನೀರಿನೊಳಗಿನ ಹುಳುಹುಪ್ಪಟೆಗಳ ಬಗೆಗಳು ಕಡಿಮೆಯಾಗತೊಡಗುತ್ತವೆ. ಆಗ ಊರು ಇನ್ನೂ ಹಸಿರಾಗಿಯೇ ಕಾಣುತ್ತಿರುತ್ತದೆ.

ಏಳನೇ ಮಹಡಿಯವರು ಹಳೆಯ ಗುರುತುಗಳನ್ನು ನಕ್ಕರಲ್ಲ, ಅದಕ್ಕೆ ಒಂದು ಮಾತು. ನಾನು ಹೊಸ ಜಾಗಕ್ಕೆ ಹೋದಾಗ ಮೊದಲು ಕೇಳುವುದು ಜಾಗದ ಹಳೆಯ ಹೆಸರನ್ನು. ‘ಜೌಗು’, ‘ತಗ್ಗು’, ‘ಕಟ್ಟೆ’, ‘ಹಳ್ಳ’ ಎಂಬ ಮಾತು ಹೆಸರಿನಲ್ಲಿದ್ದರೆ ಅಲ್ಲಿ ನೆಲಮಾಳಿಗೆಯ ಪಾರ್ಕಿಂಗ್ ಮಾಡಬೇಡಿ ಎನ್ನುತ್ತೇನೆ. ನೀರಿಗೆ ಹೊಸ ಹೆಸರುಗಳು ತಿಳಿಯುವುದಿಲ್ಲ.

ಏಳನೇ ಮಹಡಿ

ನಮ್ಮ ನೆಲಮಾಳಿಗೆಯಲ್ಲಿ ಹೋದ ಮಳೆಗಾಲದಲ್ಲಿ ಮೊಣಕಾಲುದ್ದ ನೀರಿತ್ತು. ಕಪ್ಪೆಗಳೂ ಬಂದಿದ್ದವು. ಎರಡು ಪಂಪು ಇಟ್ಟು ಮೂರು ದಿನ ಹೊರಹಾಕಿದೆವು. ಈಗ ನಿಜವಾಗಿಯೂ ಕೇಳುತ್ತಿದ್ದೇನೆ: ಜಾಗದ ಹಳೆಯ ಹೆಸರನ್ನು ಎಲ್ಲಿ ಹುಡುಕುವುದು?

ಒಸರು

ಹಳೆಯ ಸರ್ವೆ ನಕ್ಷೆ, ಹೊಲದ ದಾಖಲೆ. ಅದಕ್ಕಿಂತ ಮೊದಲು, ಹತ್ತಿರದಲ್ಲಿ ದನ ಮೇಯಿಸಿದ್ದ ಯಾರಾದರೂ ಮುದುಕರಿದ್ದರೆ ಅವರು.

ಬಾಡಿಗೆ ಮನೆ

ಹಳಬರು ಮಾತನಾಡಿದಿರಿ, ಹೊಸಬರು ಮಾತನಾಡಿದಿರಿ. ಇಬ್ಬರಿಗೂ ಸ್ವಂತ ಮನೆ ಇದೆ.

ನಾನು ಒಂದೇ ಉಪನಗರದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ನಾಲ್ಕು ಮನೆಗಳಲ್ಲಿ. ಬೀದಿದೀಪ ಬಂದಾಗ ಬಾಡಿಗೆ ಏರಿತು, ಬಸ್ ಮಾರ್ಗ ಬಂದಾಗ ಏರಿತು, ಉದ್ಯಾನ ಆದಾಗ ಏರಿತು. ಊರು ಸುಧಾರಿಸಿದಷ್ಟೂ ನಾನು ಹೊರಗೆ ಸರಿಯುತ್ತೇನೆ. ಉದ್ಯಾನ ಬೇಕೆಂಬ ಮನವಿಗೆ ನಾನೂ ಸಹಿ ಹಾಕಿದ್ದೆ. ಮಗಳ ಶಾಲೆ ಬದಲಿಸಬಾರದೆಂದು ಹಠ ಮಾಡಿದ್ದೇವೆ. ಮೊದಲು ಆರು ನಿಮಿಷ ನಡೆಯುತ್ತಿದ್ದವಳು ಈಗ ಮೂವತ್ತೈದು ನಿಮಿಷ ನಡೆಯುತ್ತಾಳೆ. ಊರಿನ ಒಳದಾರಿಗಳೆಲ್ಲ ಅವಳಿಗೆ ಗೊತ್ತು, ಯಾವ ಮನೆಯ ನಾಯಿ ಕಚ್ಚುತ್ತದೆ ಎಂಬುದೂ ಗೊತ್ತು. ಅವಳನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ? ಕರಡು ಯೋಜನೆಯ ಸಭೆಗೆ ಒಮ್ಮೆ ಹೋಗಿದ್ದೆ. ನಿಮ್ಮ ಆಸ್ತಿಯ ಸಂಖ್ಯೆ ಹೇಳಿ ಎಂದರು. ಇಲ್ಲ ಎಂದೆ. ಹಿಂದಿನ ಸಾಲಿನಲ್ಲಿ ಕೂರಿಸಿದರು.

ಊರು ಬಿಟ್ಟವಳು

ಬಾಡಿಗೆ ಮನೆಯವರೇ, ನಾನೂ ಒಂದು ತಪ್ಪೊಪ್ಪಿಗೆ ಮಾಡುತ್ತೇನೆ. ಲಿಫ್ಟಿನಲ್ಲಿ ಯಾರಿಗೂ ನನ್ನ ಹೆಸರು ಗೊತ್ತಿಲ್ಲ ಎಂದು ಬೀಗಿದೆನಲ್ಲ. ಎರಡು ತಿಂಗಳ ಹಿಂದೆ ಜ್ವರದಲ್ಲಿ ಮೂರು ದಿನ ಮಲಗಿದ್ದೆ. ಯಾರೂ ಬಾಗಿಲು ತಟ್ಟಲಿಲ್ಲ, ತಟ್ಟಬೇಕಾದ ಕಾರಣವೂ ಅವರಿಗಿರಲಿಲ್ಲ. ಆದರೂ ಹಿಂದಿನ ಊರಿಗೆ ಹೋಗೆಂದರೆ ಹೋಗುವುದಿಲ್ಲ. ನನಗೆ ಬೇಕಾದದ್ದು ನನ್ನ ಮುಖ ಗೊತ್ತಿರುವ, ನನ್ನ ಕಥೆ ಗೊತ್ತಿಲ್ಲದ ನಾಲ್ಕು ಜನ. ಅಷ್ಟನ್ನು ಒದಗಿಸುವ ಊರಿನ ಅಳತೆ ಎಷ್ಟೆಂದು ಮೇಷ್ಟ್ರು ಹೇಳಬಹುದೇನೋ.

ನಿವೃತ್ತ ಮೇಷ್ಟ್ರು

ಅಳತೆ ಹೇಳಲಾರೆ. ಅಂಥ ಮುಖಪರಿಚಯಕ್ಕೆ ‘ದುರ್ಬಲ ನಂಟು’ ಎಂದು 1973ರಲ್ಲಿ ಹೆಸರಿಟ್ಟು ವಿವರಿಸಿದವರು ಮಾರ್ಕ್ ಗ್ರಾನೊವೆಟರ್. ಕೆಲಸದ ಸುದ್ದಿ, ಹೊಸ ವಿಚಾರಗಳು ನಮಗೆ ಹೆಚ್ಚಾಗಿ ಬರುವುದು ಆಪ್ತರಿಂದಲ್ಲ, ಈ ಅರೆಪರಿಚಿತರಿಂದ ಎಂದು ಅವರು ತೋರಿಸಿದರು. ಜ್ವರದ ಬಗ್ಗೆ ಅವರು ಏನೂ ಬರೆದ ನೆನಪಿಲ್ಲ.

ಎರಡು ಸಾಲು

ಜಾಗದ ಹಳೆಯ ಹೆಸರನ್ನು ಎಲ್ಲಿ ಹುಡುಕುವುದು ಎಂದು ಕೇಳಿದ್ದರಲ್ಲ, ಹಾಗಾದರೆ ಹಳಬರು ತಮ್ಮ ‘ಹಳೇ ಆಸ್ಪತ್ರೆ’ಗಳನ್ನೆಲ್ಲ ನಕ್ಷೆಗೆ ಏರಿಸಿ. ಅಂತರ್ಜಾಲದಲ್ಲಿ ಜನರೇ ಸೇರಿ ಬರೆಯುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯಿದೆ. ಹಳೆಯ ಹೆಸರನ್ನು ಬರೆಯಲು ಅದರಲ್ಲಿ ಪ್ರತ್ಯೇಕ ಜಾಗವಿದೆ, ಯಾರು ಬೇಕಾದರೂ ತುಂಬಬಹುದು. ಇಲ್ಲಿ ಬರೆದ ಹೊತ್ತಿನಲ್ಲಿ ಹತ್ತು ಹಳ್ಳಗಳನ್ನು ಗುರುತಿಸಬಹುದಿತ್ತು.

ಮೂರೆಕರೆ

ಎಡಗಡೆಯ ಇಪ್ಪತ್ತು ಹೊಲಗಳ ಹೆಸರು ನನಗೆ ಬಾಯಿಪಾಠ. ಮಗನ ಹತ್ತಿರ ಕೂತು ಹಾಕಿಸುತ್ತೇನೆ. ನಮ್ಮ ಕಲ್ಲನ್ನೂ ಹಾಕಬಹುದೇ?

ಎರಡು ಸಾಲು

ಗಡಿಕಲ್ಲಿಗೂ ಗುರುತು ಇದೆ. ಹಾಕಿ.

ಗೇಟಿನ ಪಕ್ಕದ ಮನೆ

ಎಲ್ಲವನ್ನೂ ಎರಡೆರಡು ಸಲ ಓದಿದೆ. ಉತ್ತರ ಬರೆಯಲು ಕೂತರೆ ಎಲ್ಲರೂ ಸರಿ ಅನ್ನಿಸಿ ಬರೆಯಲಾಗಲಿಲ್ಲ.

ಈ ಭಾನುವಾರ ಮತ್ತೆ ಗೇಟು ಹಾಕಿತ್ತು. ಆ ಯುವಕರು ಕಂಡರೆ ನಿಜ ಹೇಳಿಬಿಡೋಣ ಎಂದು ಹತ್ತು ನಿಮಿಷ ಮೊದಲೇ ಹೋಗಿ ನಿಂತಿದ್ದೆ. ಅದೇ ಬಣ್ಣದ ಕಾರು ಬಂತು, ಒಳಗೆ ಬೇರೆ ಯಾರೋ ಇದ್ದರು. ಸುಮ್ಮನೆ ನಿಂತು ಬೇಸರವಾಗಿ, ಅವರು ಹೇಳಿದ್ದ ಮೇಲುಸೇತುವೆಯನ್ನು ಹತ್ತಿದೆ. ಅದು ಬಂದು ಆರು ವರ್ಷವಾಗಿದೆ, ನಾನು ಒಮ್ಮೆಯೂ ಹತ್ತಿರಲಿಲ್ಲ. ಮೇಲಿನಿಂದ ಗೇಟು ಇಷ್ಟೇ ಇಷ್ಟು. ಅದರ ಪಕ್ಕ ಎಣಿಸಿದರೆ ನಾಲ್ಕನೆಯದು ನಮ್ಮ ಮನೆ. ನಮ್ಮ ಸೂರನ್ನು ನಾನು ಮೇಲಿನಿಂದ ನೋಡಿದ್ದು ಅದೇ ಮೊದಲು. ಹಿಂಬದಿಯಲ್ಲಿ ಎರಡು ಹೆಂಚು ಒಡೆದಿವೆ. ಅಡುಗೆಮನೆಯ ಗೋಡೆ ಯಾಕೆ ಒದ್ದೆಯಾಗುತ್ತದೆಂದು ಎರಡು ವರ್ಷದಿಂದ ಹುಡುಕುತ್ತಿದ್ದೆವು.